ಮೋರಿಯ ಮೂರನೇ ಚಪ್ಪಡಿ

ಅವ್ವ ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಎದ್ದಳು. ಮುದ್ದೆ ಬಿಟ್ಟು ಏಳುವ ಹೆಂಗಸಲ್ಲ ಅವಳು. ಜ್ವರ ಬಂದ ದಿನವೂ ತಟ್ಟೆ ಬಳಿದು ಉಣ್ಣುತ್ತಿದ್ದವಳು. ನನಗೆ ಆಗಲೇ ಗೊತ್ತಾಗಬೇಕಿತ್ತು, ಗೊತ್ತಾಗಲಿಲ್ಲ. ಇಂಜಿನಿಯರ್ ಅಲ್ಲವೇ ನಾನು, ಜಲ್ಲಿ, ಡಾಂಬರು, ಸಿಮೆಂಟು ಬಿಟ್ಟರೆ ಬೇರೆ ಯಾವುದೂ ಬೇಗ ತಲೆಗೆ ಹೋಗುವುದಿಲ್ಲ.

ನಾನು ಹೇಳಿದ್ದು ಇಷ್ಟೇ: "ನಾಳೆ ನಮ್ಮೂರ ಮೋರಿ ಒಡೆಸ್ತೀನಿ ಅವ್ವ. ಜೆಸಿಬಿ ಬಂದೈತೆ. ಮೂರು ಚಪ್ಪಡೀನೂ ಪುಡಿ ಮಾಡಿ ರಸ್ತೆ ಬುಡಕ್ಕೆ ತುಂಬಿ, ಪೈಪು ಕೂರಿಸಿಬಿಡ್ತೀವಿ."

ಹೆಂಡತಿ ರಮಾ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ಅವ್ವನ ಮುಖ ನೋಡಿದಳು. ಅವ್ವ ಕೈತೊಳೆದು ಒಳಕ್ಕೆ ಹೋದಳು.

ಎರಡು ಸಾವಿರದ ಒಂದನೇ ಇಸವಿ, ಫೆಬ್ರವರಿ. ಲೋಕೋಪಯೋಗಿ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರಾಗಿ ನನಗೆ ಏಳು ವರ್ಷವಾಗಿತ್ತು. ಅರಸೀಕೆರೆಯ ಕ್ವಾರ್ಟರ್ಸಿನಲ್ಲಿ ನಾನು, ರಮಾ, ಅವ್ವ ಇದ್ದೆವು. ಬಾಣಾವರದಿಂದ ಹಳೇಬೀಡಿಗೆ ಹೋಗುವ ರಸ್ತೆ ಅಗಲ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಮ್ಮೂರು ಮಾಳಿಗೆಕೆರೆ ಆ ರಸ್ತೆಯ ಮೇಲೇ ಇದೆ. ಹುಟ್ಟಿದೂರಿನ ರಸ್ತೆಯನ್ನು ನಾನೇ ಮಾಡಿಸುವುದು ಅಂದರೆ ಹೆಮ್ಮೆ ಇರುವುದಿಲ್ಲವೇ, ಇತ್ತು. ಅದಕ್ಕಿಂತ ಹೆಚ್ಚಾಗಿ ಆ ಮೋರಿಯನ್ನು ಒಡೆಸುವ ಖುಷಿ ಇತ್ತು. ಆ ಖುಷಿಗೆ ಹದಿನೈದು ವರ್ಷದ ಹಳೆಯ ಕಾರಣವಿತ್ತು.

ಮೋರಿ ಇರುವುದು ಊರ ಬಾಗಿಲಲ್ಲಿ, ನಂಜಪ್ಪನವರ ಮನೆಯ ಎದುರು. ನಂಜಪ್ಪನವರದು ತೆಂಗಿನ ತೋಟ, ಕೊಬ್ಬರಿ ಮಂಡಿ, ಮಠಕ್ಕೆ ಹತ್ತಿರವಾದ ಮನೆತನ. ಅವರ ತಂದೆಯೇ ಹಿಂದೆ ಆ ಮೋರಿ ಕಟ್ಟಿಸಿದ್ದು. ಚರಂಡಿಗೆ ಅಡ್ಡಲಾಗಿ ಹಾಸಿದ ಮೂರು ಉದ್ದನೆಯ ಚಪ್ಪಡಿ ಕಲ್ಲು. ಎರಡರ ಮೇಲೆ ಡಾಂಬರು ಬಿದ್ದು ಬಸ್ಸು ಓಡಾಡುತ್ತಿತ್ತು. ಅಂಚಿನ ಮೂರನೆಯದು ಬರಿಯ ಕಲ್ಲು, ನಡೆಯುವವರಿಗೆ. ನಮ್ಮ ಕಾಲೋನಿಯವರು ಬಸ್ ಸ್ಟ್ಯಾಂಡಿಗೆ ಹೋಗಬೇಕಾದರೆ ಅದನ್ನೇ ದಾಟಬೇಕು. ದಾಟುವಾಗ ನಮ್ಮವ್ವ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದಳು. ಎದುರಿಗೆ ಜಗಲಿಯ ಮೇಲೆ ನಂಜಪ್ಪನವರು ಎಲೆಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರು.

ಇದನ್ನು ನೋಡುತ್ತಾ ಬೆಳೆದವನು ನಾನು. ಎಂಬತ್ತಾರರಲ್ಲಿ ಹಾಸನದಲ್ಲಿ ಡಿಪ್ಲೊಮಾ ಓದುವಾಗ ದಲಿತ ಸಂಘಕ್ಕೆ ಸೇರಿದೆ. ರಜೆಗೆ ಬಂದವನೇ ಅವ್ವನಿಗೆ ಹೊಸ ಚಪ್ಪಲಿ ತಂದುಕೊಟ್ಟೆ. ಒಂದು ಬೆಳಿಗ್ಗೆ ಗೆಳೆಯರನ್ನೆಲ್ಲ ಕರೆದುಕೊಂಡು, ಅವ್ವನ ರಟ್ಟೆ ಹಿಡಿದು, ಚಪ್ಪಲಿ ಹಾಕಿಸಿಯೇ ಆ ಚಪ್ಪಡಿಯ ಮೇಲೆ ನಡೆಸಿದೆ. "ಬ್ಯಾಡ ಕಣ್ ಮಗಾ, ಬ್ಯಾಡ" ಅನ್ನುತ್ತಲೇ ಇದ್ದಳು. ನಾನು ಬಿಡಲಿಲ್ಲ. ಗೆಳೆಯರು ಚಪ್ಪಾಳೆ ತಟ್ಟಿದರು. ಜಗಲಿಯ ಮೇಲಿದ್ದ ನಂಜಪ್ಪನವರು ಎದ್ದು ಒಳಕ್ಕೆ ಹೋದರು. ಅವ್ವ ಆ ಕಡೆ ದಾಟಿ ನೆಲಕ್ಕೆ ಕುಕ್ಕರಿಸಿ ಗೊಳೋ ಎಂದು ಅತ್ತಳು. ಹೆದರಿಕೆ, ಇನ್ನೇನು, ಹಳೆ ಕಾಲದ ಹೆದರಿಕೆ ಎಂದುಕೊಂಡೆ ನಾನು.

ಆಮೇಲೆ ಅವ್ವ ಆ ಮೋರಿಯ ಕಡೆಗೇ ಹೋಗಲಿಲ್ಲ. ಬಸ್ಸಿಗೆ ಹೋಗಬೇಕಾದರೆ ಕೆರೆ ಅಂಗಳಕ್ಕಿಳಿದು ಮುಕ್ಕಾಲು ಮೈಲಿ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಎಷ್ಟು ಬೈದೆ ನಾನು. "ನಿನ್ ಹಣೇಬರ, ಬಗ್ಗಿದ್ ಬೆನ್ನು ನಿಂದು, ನೆಟ್ಟಗಾಗಲ್ಲ" ಅಂದಿದ್ದೆ. ಅಂದದ್ದು ನೆನಪಾದರೆ ಈಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಬೆಳಿಗ್ಗೆ ಎದ್ದಾಗ ಅವ್ವನ ಹಾಸಿಗೆ ಸುತ್ತಿಟ್ಟಿತ್ತು. ಬಾಗಿಲಲ್ಲಿ ಅವಳ ಚಪ್ಪಲಿ ಇರಲಿಲ್ಲ. "ಐದೂವರೆ ಬಸ್ಸಿಗೆ ಹೋದ್ರು ಅನ್ಸುತ್ತೆ" ಎಂದಳು ರಮಾ. ಅವಳು ಆಗಲೇ ಸೀರೆ ಉಟ್ಟು ತಯಾರಾಗಿದ್ದಳು. ತಾನು ಪಾಠ ಮಾಡುವ ಶಾಲೆಗೆ ರಜೆ ಬರೆದಿದ್ದಾಳಂತೆ. "ನಾನೂ ಬರ್ತೀನಿ. ಸ್ಕೂಟರ್ ತೆಗೀರಿ."

"ಎಲ್ಲಿಗೆ ಹೋಗವ್ಳೆ?"

"ಊರಿಗೆ, ಇನ್ನೆಲ್ಲಿಗೆ? ಅಲ್ಲಿ ಹೋದ್ಮೇಲೆ ಕೂಗಾಡ್ಬೇಡಿ, ಅಷ್ಟು ಸಾಕು ನನಗೆ."

ದಾರಿಯುದ್ದಕ್ಕೂ ಕೇಳಿದೆ. "ಮುಂದೆ ನೋಡಿ ಓಡಿಸಿ" ಎಂದಳು.

ಮಾಳಿಗೆಕೆರೆ ತಲುಪಿದಾಗ ಒಂಬತ್ತೂವರೆ. ದೂರದಿಂದಲೇ ಸಾಲುಗಟ್ಟಿ ನಿಂತ ಲಾರಿ, ಬಸ್ಸು ಕಂಡವು. ಜೆಸಿಬಿ ಎಂಜಿನ್ ಸುಮ್ಮನೆ ಗುರುಗುಡುತ್ತಿತ್ತು. ಗುಂಪನ್ನು ಸರಿಸಿಕೊಂಡು ಮುಂದೆ ಹೋದೆ. ಮೋರಿಯ ಮೂರನೇ ಚಪ್ಪಡಿಯ ನಟ್ಟ ನಡುವೆ ಅವ್ವ ಕಾಲು ಚಾಚಿ ಕೂತಿದ್ದಳು. ಚಪ್ಪಲಿ ಆಚೆಯ ಮಣ್ಣಿನಲ್ಲಿ ಜೋಡಿಸಿಟ್ಟಿತ್ತು. ಜೆಸಿಬಿಯ ಹಲ್ಲು ಅವಳಿಂದ ಮಾರುದೂರದಲ್ಲಿ ನಿಂತಿತ್ತು.

ಕಂಟ್ರಾಕ್ಟರ್ ರಾಜಶೇಖರ್ ನನ್ನನ್ನು ಕಂಡವನೇ ಕೈ ಮೇಲೆತ್ತಿದ. ಅವನು ನಂಜಪ್ಪನವರ ಮಗ, ನನಗಿಂತ ಎರಡು ವರ್ಷ ದೊಡ್ಡವನು. "ನೋಡಿ ಸಾರ್ ನಿಮ್ ತಾಯಿನ. ಎಂಟು ಗಂಟೆಯಿಂದ ಕೂತವ್ರೆ. ಹನ್ನೊಂದಕ್ಕೆ ಸಾಹೇಬ್ರು ಇನ್‌ಸ್ಪೆಕ್ಷನ್ನಿಗೆ ಬರ್ತಾರೆ. ಅಷ್ಟೊತ್ತಿಗೆ ಹಳ್ಳ ತೆಗೆದು ಫಲಕ ನೆಟ್ಟಿರ್ಬೇಕು. ಬೇರೆ ಯಾರಾದ್ರೂ ಆಗಿದ್ರೆ ಇಷ್ಟೊತ್ತಿಗೆ ಪೊಲೀಸ್ರಿಗೆ ಫೋನ್ ಮಾಡ್ತಿದ್ದೆ."

ಫಲಕ ಪಕ್ಕದ ಟ್ರ್ಯಾಕ್ಟರಿನಲ್ಲಿತ್ತು. ಹಳೇಬೀಡು, ಬೇಲೂರು ನೋಡಲು ಹೋಗುವವರು ದಾರಿಯಲ್ಲಿ ಓದಲಿ ಎಂದು ಆ ರಸ್ತೆಯ ಪ್ರತಿ ಊರಲ್ಲೂ ಅಲ್ಲಿಯ ಕಥೆ ಬರೆದು ನೆಡಬೇಕಿತ್ತು. ಆಯಾ ಊರಿನ ಹಿರಿಯರು ಹೇಳಿದ್ದನ್ನು ಬರೆಸುವುದು. ನಮ್ಮೂರಿನದನ್ನು ನಂಜಪ್ಪನವರು ಬರೆದುಕೊಟ್ಟಿದ್ದರು: ಹಿಂದೆ ಕೆರೆಯ ಏರಿ ಒಡೆಯುವ ಹೊತ್ತಿನಲ್ಲಿ ಅವರ ಮನೆಯ ಹಿರೀಕ ಪಟೇಲ್ ವೀರಪ್ಪನವರು ಕುದುರೆಯೇರಿ ಬಂದು, ತೂಬಿನ ಬಾಯಿಗೆ ತಮ್ಮ ದೇಹವನ್ನೇ ಅಡ್ಡಕೊಟ್ಟು ಊರನ್ನು ಉಳಿಸಿದರು, ಅವರ ವೀರಗಲ್ಲು ನೀರಿನಲ್ಲಿ ಕೊಚ್ಚಿಹೋಗಿದೆ. ಈ ಕಥೆ ನನಗೂ ಗೊತ್ತಿತ್ತು, ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದರು. ಬರೆದದ್ದರ ಕೆಳಗೆ ಸರಿಯಿದೆ ಎಂದು ರುಜು ಹಾಕಿದವನು ನಾನೇ.

"ಅವ್ವ, ಏಳು ಮೇಲೆ."

"ಏಳಾಕಿಲ್ಲ."

"ಇದು ಸರ್ಕಾರದ್ ಕೆಲ್ಸ. ನನ್ನ ಸಸ್ಪೆಂಡ್ ಮಾಡ್ತಾರೆ, ಗೊತ್ತಾ? ನನ್ ತಾಯೇ ಅಡ್ಡ ಕೂತವ್ಳೆ ಅಂದ್ರೆ ನಾಳೆ ನಾನು ಯಾರಿಗೆ ಮುಖ ತೋರಿಸ್ಲಿ?"

"ಒಡೀಬ್ಯಾಡ. ಎತ್ತಿ ಮಡಗು. ಈ ಮೂರ್ನೇದು ಒಂದ್ ಎತ್ತಿ ಮಡಗು, ಎದ್ದೋಯ್ತೀನಿ."

"ಯಾಕೆ? ಇವ್ರ ಮನೆ ಮುಂದ್ಲ ಕಲ್ಲಂತ ಪೂಜೆ ಮಾಡ್ತೀಯಾ? ಇಷ್ಟು ದಿನ ಚಪ್ಪಲಿ ಬಿಚ್ಚಿದ್ದು ಸಾಲದಾ?"

ಗುಂಪಿನಲ್ಲಿ ಯಾರೋ ನಕ್ಕರು. ಜಗಲಿಯ ಮೇಲಿಂದ ನಂಜಪ್ಪನವರು ದನಿ ಎತ್ತಿ, "ಏ ಚಲುವಿ, ಏಳೇ. ಮಗ ಇಂಜಿನಿಯರ್ ಆಗವ್ನೆ, ಅವನ ಮರ್ವಾದೆ ಕಳೀಬ್ಯಾಡ" ಎಂದರು. ಎಪ್ಪತ್ತೈದು ದಾಟಿದ ಮನುಷ್ಯ. ಅವರ ದನಿಯಲ್ಲಿ ಕೆಡುಕು ಇರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

"ಎದ್ದೇಳ್ತೀಯೋ ಇಲ್ಲ ಎತ್ತಿ ಆಚೆ ಹಾಕ್ಲೋ?" ಎಂದು ಅವ್ವನ ರಟ್ಟೆಗೆ ಕೈ ಹಾಕಿದೆ. ಹದಿನೈದು ವರ್ಷದ ಹಿಂದೆ ಹಿಡಿದಿದ್ದ ಅದೇ ರಟ್ಟೆ, ಈಗ ಬರೀ ಮೂಳೆ. ಅವಳು ನನ್ನ ಮುಖ ನೋಡಿದಳು. ಹೆದರಿಕೆ ಇರಲಿಲ್ಲ ಅವಳ ಕಣ್ಣಲ್ಲಿ. ನನ್ನ ಬಗ್ಗೆ ಅವಳಿಗೆ ಮರುಕವಿತ್ತು.

ಆಗ ರಮಾ ಬಂದು ಚಪ್ಪಲಿ ಬಿಚ್ಚಿದಳು. ಅವ್ವನ ಚಪ್ಪಲಿಯ ಪಕ್ಕದಲ್ಲೇ ಜೋಡಿಸಿಟ್ಟಳು. ಚಪ್ಪಡಿಯ ಮೇಲೆ ಹೋಗಿ ಅವ್ವನ ಪಕ್ಕದಲ್ಲಿ ಕೂತಳು.

"ನೀನೂ ಏನೇ ಇದು?"

"ಬಗ್ಗಿ. ಕಿವೀಲಿ ಹೇಳ್ತೀನಿ. ಕೂಗಾಡಲ್ಲ ಅಂತ ಮಾತು ಕೊಡಿ" ಎಂದಳು ರಮಾ. ಬಗ್ಗಿದೆ.

"ವೀರಗಲ್ಲು ನೀರಲ್ಲಿ ಹೋಗಿಲ್ಲ. ನಾವೀಗ ಕೂತಿದೀವಲ್ಲ, ಇದೇ. ಮುಖ ಕೆಳಗೆ ಮಾಡಿ ಹಾಸಿದಾರೆ. ಏರಿ ಒಡೆಯೋ ಹೊತ್ತಲ್ಲಿ ಸತ್ತಿದ್ದು ಪಟೇಲ್ರಲ್ಲ. ನಿಮ್ಮ ಮನೆಯ ಹಿರೀಕ, ನೀರುಗಂಟಿ ಜವರ. ತೂಬು ಎತ್ತಿ ಗದ್ದೆಗೆ ನೀರು ಬಿಡೋನು."

"ಯಾರ್ ಹೇಳಿದ್ರು ನಿನಗೆ?"

"ಅತ್ತೆ. ಮದುವೆಯಾದ ತಿಂಗ್ಳಲ್ಲೇ. ಅವ್ರಿಗೆ ಅವರತ್ತೆ ಹೇಳಿದ್ರಂತೆ. ಈ ಮನೇಲಿ ಇದು ಸೊಸೇರಿಗೆ ಮಾತ್ರ ಹೇಳೋ ಮಾತು. ಗಂಡಸ್ರಿಗೆ ಹೇಳಿದ್ರೆ ಜಗಳಕ್ಕೆ ಹೋಗಿ ಹೊಡೆಸ್ಕೊಂಡು ಸಾಯ್ತಾರೆ ಅಂತ. ಕಲ್ಲು ಹಾಸಿದಾಗ ನಿಮ್ಮ ಮುತ್ತಾತ ಕೇಳೋಕೆ ಹೋಗಿದ್ರಂತೆ. ಮೂರು ದಿನ ಬದುಕಿದ್ರು ಅಷ್ಟೆ."

ನನ್ನ ಕೈ ಅವ್ವನ ರಟ್ಟೆಯ ಮೇಲೇ ಇತ್ತು. ತೆಗೆಯಬೇಕು ಅನ್ನಿಸಿತು, ಬೆರಳು ಬಿಡಿಸಲು ಆಗಲಿಲ್ಲ. ಅವಳು ಚಪ್ಪಲಿ ಬಿಚ್ಚುತ್ತಿದ್ದದ್ದು ಜಗಲಿಗಲ್ಲ. ಕಾಲ ಕೆಳಗೆ ಇದ್ದವನಿಗೆ. ನಾನು ಅವನ ಬೆನ್ನಿನ ಮೇಲೆ ಅವಳನ್ನು ಚಪ್ಪಲಿ ಹಾಕಿಸಿ ನಡೆಸಿದ್ದೆ. ಚಪ್ಪಾಳೆ ಬೇರೆ ತಟ್ಟಿಸಿದ್ದೆ.

ಆದರೆ ಒಂದು ಮಾತು ಹೇಳಬೇಕು, ಇಲ್ಲವೆಂದರೆ ಸುಳ್ಳಾಗುತ್ತದೆ. ಆ ಕ್ಷಣದಲ್ಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಅತ್ತೆಯಿಂದ ಸೊಸೆಗೆ ಬಂದ ಮಾತು. ಕಣ್ಣಿಂದ ಕಂಡವರು ಒಬ್ಬರೂ ಇಲ್ಲ. ಎತ್ತಿ ನೋಡಿದಾಗ ಬರೀ ಕಲ್ಲಾಗಿದ್ದರೆ? ಊರ ಮುಂದೆ ಅವ್ವನ ಮಾನ ಹೋಗುತ್ತದೆ. ನನ್ನ ಕೆಲಸಕ್ಕೆ ಕುತ್ತು. ಒಡೆಸಿಬಿಟ್ಟರೆ ಯಾವ ಪ್ರಶ್ನೆಯೂ ಇರುವುದಿಲ್ಲ. ಇಷ್ಟೆಲ್ಲ ಲೆಕ್ಕ ಹಾಕಿದೆ ನಾನು, ತಾಯಿಯ ಮುಂದೆ ನಿಂತುಕೊಂಡು. ಎಂಥ ಮಗ ನೋಡಿ.

"ರಾಜಶೇಖರ್, ಮೂರನೇ ಚಪ್ಪಡಿ ಒಡೆಯೋದು ಬೇಡ. ಚೈನ್ ಹಾಕಿ ಎತ್ತಿ" ಎಂದೆ.

"ಎತ್ತೋದಾ? ಹತ್ತಡಿ ಕಲ್ಲು ಸಾರ್. ಚೈನ್ ಹಾಕಿ ಎತ್ತೋ ಅಷ್ಟೊತ್ತಿಗೆ ಸಾಹೇಬ್ರು ಬಂದಿರ್ತಾರೆ. ಎರಡು ಏಟು ಕೊಟ್ರೆ ಮುಗೀತು."

"ಎತ್ತಿ ಅಂದೆ."

"ಬರ್ದು ಕೊಡ್ತೀರಾ? ಟೈಮ್ ಆಗಿದ್ದು ನಿಮ್ಮಿಂದ ಅಂತ?"

ಸೈಟ್ ಪುಸ್ತಕ ತರಿಸಿ, ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲಿಟ್ಟುಕೊಂಡು ಬರೆದುಕೊಟ್ಟೆ. ನಂಜಪ್ಪನವರು ಜಗಲಿ ಇಳಿದು ಊರುಗೋಲು ಊರಿಕೊಂಡು ಬಂದರು.

"ಏನು ಇಂಜಿನಿಯರ್ರೇ, ನಮ್ಮಪ್ಪ ಹಾಕ್ಸಿದ್ ಕಲ್ಲಿನ್ ಅಡೀಲಿ ಏನ್ ಹುಡುಕ್ತೀರಿ?"

"ವೀರಗಲ್ಲು ಯಜಮಾನ್ರೇ. ಫಲಕದಲ್ಲಿ ಬರೆಸಿದೀರಲ್ಲ, ಕೊಚ್ಚಿಹೋಯ್ತು ಅಂತ. ಅದು."

ನಂಜಪ್ಪನವರ ಮುಖ ಕೆಂಪಾಯಿತು. "ನಮ್ಮಪ್ಪ ವೀರಗಲ್ಲ ತಂದು ಮೋರಿಗೆ ಹಾಕಿದ್ರು ಅಂತೀಯಾ? ನಮ್ಮನೆ ಹಿರೀಕನ್ ಕಲ್ಲ? ಮಾತು ನೆಟ್ಟಗಿರ್ಲಿ ಕಣಯ್ಯಾ. ಶೇಖರಾ, ಕಾಯ್ತಾ ನಿಂತ್ಕಂಡಿದ್ಯಲ್ಲ, ಒಡೆಸೋ ಅದ್ನ."

ರಾಜಶೇಖರ್ ಡ್ರೈವರಿಗೆ ಕೈ ತೋರಿಸಿಯೂ ಬಿಟ್ಟ. ಜೆಸಿಬಿಯ ತೋಳು ಮೇಲೆದ್ದಿತು. ಅವ್ವ, ರಮಾ ಇಬ್ಬರೂ ಕೂತಲ್ಲಿಂದ ಅಲ್ಲಾಡಲಿಲ್ಲ. ನಾನು ತೋಳಿನ ಕೆಳಗೆ ಹೋಗಿ ನಿಂತೆ. ನಮ್ಮ ಕಾಲೋನಿಯವರು ಒಂದು ಕಡೆ, ಊರಿನವರು ಒಂದು ಕಡೆ ಆಗಿ, ಗುಂಪು ಎರಡಾಗುವುದು ಕಣ್ಣಿಗೆ ಕಾಣುತ್ತಿತ್ತು. ಇನ್ನು ಒಂದು ಕೈ ಮೇಲೆದ್ದರೆ ಹೊಡೆದಾಟವೇ.

"ಎತ್ತಿ ನೋಡ್ಲಿ ಬಿಡ್ರೀ."

ದನಿ ಬಂದದ್ದು ನಂಜಪ್ಪನವರ ಮನೆ ಬಾಗಿಲಿಂದ. ಅವರ ಹೆಂಡತಿ ವಿಶಾಲಮ್ಮನವರು ಹೊಸ್ತಿಲ ಹೊರಗೆ ಬಂದು ನಿಂತಿದ್ದರು. ಬೀದಿಯಲ್ಲಿ ಗಂಡಸರ ಎದುರು ಅವರು ಮಾತಾಡಿದ್ದನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ.

"ನೀನ್ ಒಳಕ್ಕೆ ಹೋಗು" ಎಂದರು ನಂಜಪ್ಪನವರು.

"ಹೋಗ್ತೀನಿ. ನಾನು ಮದ್ವೆಯಾಗಿ ಬಂದ ದಿವ್ಸ ನಿಮ್ಮವ್ವ ನನ್ನ ಇಲ್ಲಿ ನಿಲ್ಸಿ, ಮೂರ್ನೇ ಕಲ್ಲು ತುಳೀಬ್ಯಾಡ, ಪಾಪ ಸುತ್ಕೊಳ್ಳುತ್ತೆ ಅಂದ್ರು. ಯಾಕತ್ತೆ ಅಂದೆ. ಬಾಯ್ಮುಚ್ಚು ಅಂದ್ರು. ಐವತ್ತೆರಡು ವರ್ಷ ಆಯ್ತು, ತುಳ್ದಿಲ್ಲ ನಾನು. ಯಾಕೆ ಅಂತ ಸಾಯೋ ಮುಂಚೆ ನನಗೂ ಗೊತ್ತಾಗ್ಲಿ."

ನಂಜಪ್ಪನವರು ಹೆಂಡತಿಯನ್ನೇ ನೋಡುತ್ತಾ ನಿಂತರು. ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಆಮೇಲೆ ಮಗನ ಕಡೆ ತಿರುಗದೆ, "ಎತ್ಸು" ಎಂದರು.

ಅವ್ವ ಎದ್ದಳು. ರಮಾ ಅವಳನ್ನು ಅಂಚಿಗೆ ಕರೆದುಕೊಂಡು ಹೋದಳು. ಚಪ್ಪಡಿಯ ಎರಡೂ ತುದಿಯಲ್ಲಿ ಮಣ್ಣು ಬಿಡಿಸಿ, ಚೈನು ಸುತ್ತಿ, ಜೆಸಿಬಿಯ ಬಕೆಟ್ಟಿಗೆ ಸಿಗಿಸಿದರು. ಹತ್ತೂ ಮುಕ್ಕಾಲು. ತೋಳು ಎದ್ದಿತು. ಕಲ್ಲು ಒಂದು ಗೇಣು ಮೇಲೆ ಬಂತು, ಇನ್ನೊಂದು ಗೇಣು ಬಂತು. ಅಷ್ಟರಲ್ಲಿ ಒಂದು ತುದಿಯ ಚೈನು ಜಾರಿತು. ಕಲ್ಲು ಓರೆಯಾಗಿ ಮೋರಿಯ ಗೋಡೆಗೆ ಬಡಿದು ಒಂದು ಮೂಲೆ ಚೂರಾಗಿ ನೀರಿಗೆ ಬಿತ್ತು. ಅವ್ವ ಎದೆಗೆ ಕೈ ಹಚ್ಚಿಕೊಂಡಳು. ನಾನೇ ಮೋರಿಗಿಳಿದೆ. ಮೊಣಕಾಲುದ್ದ ಕೊಚ್ಚೆ. ತಲೆಯ ಮೇಲೆ ಕಲ್ಲು ತೂಗುತ್ತಿತ್ತು. ಕೆಳಗಿನಿಂದ ಕಾಣುತ್ತದೆಂದು ಕತ್ತೆತ್ತಿ ನೋಡಿದೆ, ಬರೀ ಕಪ್ಪು ಕೆಸರು ಮೆತ್ತಿತ್ತು. ಚೈನನ್ನು ಮತ್ತೆ ಸುತ್ತಿ ಬಿಗಿದು ಮೇಲೆ ಬಂದೆ.

ಎರಡನೇ ಸಲ ಕಲ್ಲು ಮೇಲೆದ್ದು, ಹೊರಳಿ, ರಸ್ತೆಯ ಬದಿಯ ಮಣ್ಣಿನ ಮೇಲೆ ಅಂಗಾತ ಬಿದ್ದಿತು. ಎಲ್ಲರೂ ನುಗ್ಗಿದರು. ಕೆಸರು, ಪಾಚಿ, ಅಷ್ಟೇ. ಹಲಗೆಯ ಹಾಗೆ ಮಟ್ಟಸವಾದ ಕೆಸರು.

"ಏನೈತೆ ಇದ್ರಲ್ಲಿ?" ಎಂದ ರಾಜಶೇಖರ್. ನಗುತ್ತಿದ್ದ.

ನನಗೆ ಅವ್ವನ ಮುಖ ನೋಡಲು ಧೈರ್ಯ ಬರಲಿಲ್ಲ. ಅವಳು ಮಾತ್ರ ಯಾರನ್ನೂ ನೋಡದೆ ಕಲ್ಲಿನ ಕಾಲ ಕಡೆಗೆ ಹೋಗಿ ಕೂತು, ಸೆರಗಿನಿಂದ ಕೆಸರು ಬಳಿಯತೊಡಗಿದಳು. ವಿಶಾಲಮ್ಮನವರು ಒಳಗಿನಿಂದ ಒಂದು ಬಿಂದಿಗೆ ನೀರು ತಂದು ರಮಾಳ ಕೈಗೆ ಕೊಟ್ಟರು. ಕೈಗೇ ಕೊಟ್ಟರು. ಆ ಮನೆಯ ಬಿಂದಿಗೆ ನಮ್ಮವರ ಕೈಗೆ ಬಂದದ್ದು ಅದೇ ಮೊದಲು. ರಮಾ ನೀರು ಸುರಿದಳು.

ಮೊದಲು ಕಾಲ್ಬೆರಳು ಕಂಡವು. ಐದು ಬೆರಳು, ಉಗುರಿನ ಸಮೇತ. ಎಷ್ಟೋ ವರ್ಷ ಮುಖ ಕೆಳಗಾಗಿ ಬಿದ್ದಿದ್ದರಿಂದ ಬಿಸಿಲು, ಗಾಳಿ, ಯಾರ ಕಾಲೂ ತಾಗದೆ, ಉಳಿ ಮುಟ್ಟಿ ಬಿಟ್ಟ ಹಾಗೇ ಉಳಿದಿತ್ತು. ಅವ್ವ ಬಳಿಯುತ್ತಾ ಹೋದಂತೆ ಮೊಣಕಾಲಿನ ತನಕ ನೀರಿನ ಅಲೆ ಕಂಡಿತು. ಸೊಂಟಕ್ಕೆ ಒಂದು ತುಂಡು ಬಟ್ಟೆ. ಎರಡೂ ಕೈಯಲ್ಲಿ ಹಿಡಿದ, ತೂಬು ಎತ್ತುವ ಗಣೆ. ತಲೆಗೆ ರುಮಾಲಿಲ್ಲ, ಸೊಂಟದಲ್ಲಿ ಕತ್ತಿಯಿಲ್ಲ. ಕುದುರೆಯಂತೂ ಇಲ್ಲವೇ ಇಲ್ಲ.

ಅಲೆಯ ಪಕ್ಕದಲ್ಲಿ, ಏರಿಯ ಮೇಲೆ ಎಂಬಂತೆ, ಒಂದು ಜೊತೆ ಮೆಟ್ಟು ಕೆತ್ತಿದ್ದರು. ಜೋಡಿಸಿಟ್ಟ ಮೆಟ್ಟು. ಅವ್ವನ ಚಪ್ಪಲಿ, ರಮಾಳ ಚಪ್ಪಲಿ ಆಚೆ ಹೇಗಿದ್ದವೋ ಹಾಗೇ.

"ನೀರಿಗಿಳಿಯೋಕೆ ಮುಂಚೆ ಬಿಚ್ಚಿಟ್ನಂತೆ" ಎಂದಳು ಅವ್ವ. ಯಾರಿಗೂ ಅಲ್ಲ, ಕಲ್ಲಿಗೆ. "ಕಾಯ್ತಿರ್ರವ್ವ, ಬಂದ್ ಹಾಕ್ಕತೀನಿ ಅಂದ್ನಂತೆ. ಅವ ಬಂದು ಹಾಕ್ಕಳೋಗಂಟ ನಾವೂ ಇಲ್ಲಿ ಹಾಕ್ಕಳಾದಿಲ್ಲ ಅಂತ ಅವನ್ ಹೆಂಡ್ರು ಅಂದ್ಳಂತೆ."

ರಾಜಶೇಖರ್ ಜೆಸಿಬಿ ನಿಲ್ಲಿಸಲು ಸನ್ನೆ ಮಾಡಿದ. ನಂಜಪ್ಪನವರು ಊರುಗೋಲಿನ ಮೇಲೆ ಬಾಗಿ ಬಹಳ ಹೊತ್ತು ನೋಡಿದರು. "ನಮ್ಮನೇಗ್ ಅಂತ ತಿಳ್ಕಂಡಿದ್ದೆ ಕಣೇ ಚಲುವಮ್ಮ, ನೀನ್ ಮೆಟ್ಟು ಬಿಚ್ತಿದ್ದಿದ್ದು" ಎಂದರು.

"ನೀವು ಅಂಗೇ ತಿಳ್ಕಳ್ಳಿ ಅಂತಾನೆ ಬಿಟ್ಟಿದ್ದು ಬುದ್ಧಿ" ಎಂದಳು ಅವ್ವ.

ಸಾಹೇಬರ ಜೀಪು ಬಂದಿತು. ಕಲ್ಲು ನೋಡಿದರು, ಟ್ರ್ಯಾಕ್ಟರಿನಲ್ಲಿದ್ದ ಫಲಕ ಓದಿದರು, ಸೈಟ್ ಪುಸ್ತಕ ಓದಿದರು. "ಫಲಕಕ್ಕೆ ರುಜು ಹಾಕಿದ್ದು ಯಾರು?" ಎಂದರು.

"ನಾನೇ ಸಾರ್. ತಪ್ಪು ಬರೆಸಿದೀನಿ. ವಾಪಸ್ ಕಳಿಸಿ ಬೇರೆ ಬರೆಸ್ಬೇಕು."

"ಎಕ್ಸ್‌ಪ್ಲನೇಷನ್ ಕೊಡ್ಬೇಕಾಗುತ್ತೆ."

"ಕೊಡ್ತೀನಿ ಸಾರ್."

ಅವರು ನಂಜಪ್ಪನವರ ಕಡೆ ನೋಡಿದರು. ನಂಜಪ್ಪನವರು ತಲೆ ಎತ್ತದೆ, "ಅವ್ರು ಹೇಳ್ದಂಗೆ ಬರೀರಿ ಸ್ವಾಮಿ" ಎಂದು ಜಗಲಿಯ ಕಡೆ ನಡೆದರು.

ಅವ್ವ ಆಚೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು. ಮೆಟ್ಟಿಕೊಂಡೇ ಉಳಿದ ಎರಡು ಚಪ್ಪಡಿಗಳ ಮೇಲೆ ದಾಟಿ ಈಚೆಗೆ ಬಂದಳು. ನಾನು ಕೊಚ್ಚೆ ಮೆತ್ತಿದ ಬೂಟಿನಲ್ಲಿ ಕಲ್ಲಿನ ಪಕ್ಕದಲ್ಲೇ ನಿಂತಿದ್ದೆ. ಏನೇನೋ ಹೇಳಬೇಕೆಂದಿತ್ತು. ಬಂದದ್ದು ಒಂದೇ ಮಾತು.

"ತಪ್ಪಾಯ್ತು ಕಣವ್ವ."

"ನಂಗ್ಯಾಕ್ ಹೇಳ್ತೀಯಾ? ನಂಗೇನ್ ಮಾಡ್ದೆ ನೀನು?" ಎಂದಳು ಅವ್ವ. ಕಲ್ಲಿನ ಕಡೆ ಕೈ ತೋರಿಸಿದಳು. "ಅವನಿಗೆ ಹೇಳು."

ಬುದ್ಧನ ದೀಕ್ಷೆ ತೆಗೆದುಕೊಂಡು ಮೂರು ವರ್ಷವಾಗಿತ್ತು ನನಗೆ. ಕಲ್ಲಿಗೆ ಕೈ ಮುಗಿಯುವುದಿಲ್ಲ ಎಂದು ಎಷ್ಟೋ ಕಡೆ ಭಾಷಣ ಮಾಡಿದವನು. ಕೈ ಮುಗಿಯಲಿಲ್ಲ. ಮಂಡಿಯೂರಿ ಕೂತು ಬೂಟಿನ ಲೇಸು ಬಿಚ್ಚಿದೆ. ಕೆಸರಿಗೆ ಗಂಟು ಬಿಗಿದುಕೊಂಡಿತ್ತು, ಕಣ್ಣು ಮಂಜಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ಬಿಚ್ಚಿ, ಅವನ ಮೆಟ್ಟಿನ ಪಕ್ಕದಲ್ಲಿ ಜೋಡಿಸಿಟ್ಟೆ.

ಆಮೇಲೆ ಪೈಪಿನ ಲಾರಿ ಬಂತು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತು, ಸಂಜೆ ಐದರ ತನಕ ಕೆಲಸ ಮಾಡಿಸಿದೆ.